ಕಿಟಕಿ ಗಾಜಿನ ಬಿಳಿ ಗೆರೆಗೆ ಗಡಸು ನೀರೇ ಕಾರಣ

ಸಿಂಧನೂರು: ಹಬ್ಬದ ಮುನ್ನಾದಿನ ಬೆವರು ಸುರಿಸಿ ಒರೆಸಿದ ಕಿಟಕಿಯ ಗಾಜು ಒಣಗಿದ ಮೇಲೆ ಮೊದಲಿಗಿಂತಲೂ ಮಸುಕಾಗಿ ಕಾಣುತ್ತದೆ. ಬಿಸಿಲು ಬಿದ್ದಾಗಲಂತೂ ಬಿಳಿ ಗೆರೆಗಳು ಎದ್ದು ತೋರುತ್ತವೆ. ಬೈಗುಳ ಮಾತ್ರ ಮನೆಗೆಲಸದಾಕೆಗೆ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂತಹ ಊರುಗಳಲ್ಲಿ ತಪ್ಪು ಬಹುತೇಕ ಒರೆಸುವ ಕೈಯದಲ್ಲ, ಬಕೆಟ್‌ನೊಳಗಿನ ನೀರಿನದು.

ಚಿನ್ನಕ್ಕೆ ಹೆಸರಾದ ಹಟ್ಟಿ–ಮಸ್ಕಿ ಶಿಲಾಪಟ್ಟಿ ಹಾಗೂ ಅದರ ಸುತ್ತಲಿನ ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ಇಳಿಯುವ ಅಂತರ್ಜಲವು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ವಿಧಿಸಿದ್ದು, ಬೇರೆ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ವಿನಾಯಿತಿ ನೀಡಿದೆ. 600ರ ಗಡಸುತನದ ಅರ್ಧ ಲೀಟರ್ ನೀರು ಗಾಜಿನ ಮೇಲೆ ಒಣಗಿದರೆ ಸುಮಾರು 300 ಮಿಲಿಗ್ರಾಂ ಸುಣ್ಣದಂತಹ ಪುಡಿ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಬಟ್ಟೆ ತಲುಪುವ ಮೊದಲೇ ನೀರು ಆವಿಯಾಗಿರುತ್ತದೆ. ಆದ್ದರಿಂದ ಬಿಸಿಲೇರುವ ಮುನ್ನ ಈ ಕೆಲಸ ಮುಗಿಸುವುದು ಲೇಸು.

ಮನೆಯ ನೀರು ಎಂಥದ್ದೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಗಾಜಿನ ಮೇಲೆ ಕೊಳವೆಬಾವಿ ನೀರು, ನಲ್ಲಿ ನೀರು, ಶುದ್ಧ ನೀರಿನ ಘಟಕದ ನೀರನ್ನು ಒಂದೊಂದು ಹನಿ ಹಾಕಿ ಒಣಗಲು ಬಿಡಿ. ಬಿಳಿ ಉಂಗುರ ಉಳಿಸಿದ ನೀರು ಗಾಜಿಗೆ ತಕ್ಕುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿನಷ್ಟು ಗಡಸಲ್ಲ. ಕೆಸರಿದ್ದರೆ ತಿಳಿಯಾಗಲು ಬಿಡಬೇಕು. ಮಳೆನೀರು ಹಾಗೂ ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇಲ್ಲವೆನ್ನುವಷ್ಟು ಕಡಿಮೆ. ಕೂಲರಿನ ತೊಟ್ಟಿಯ ನೀರನ್ನು ಮಾತ್ರ ಮುಟ್ಟಬೇಡಿ. ನೀರು ಆವಿಯಾದಂತೆಲ್ಲ ಅದರಲ್ಲಿ ಲವಣ ಮಂದವಾಗುತ್ತಾ ಹೋಗುತ್ತದೆ. ಕಿಟಕಿಗೆ ಕೂಲರ್ ಕೂರಿಸಿದ ಮನೆಗಳಲ್ಲಿ ಅದರ ಸುತ್ತಲಿನ ಗಾಜೇ ಮೊದಲು ಬೆಳ್ಳಗಾಗುವುದು ಸಿಡಿಯುವ ಆ ಹನಿಗಳಿಂದಲೇ.

ಧೂಳಿನದು ಇನ್ನೊಂದು ಕಥೆ. ಎರೆಮಣ್ಣಿನ ಪುಡಿಗೆ ನೀರು ತಾಗಿದರೆ ಉಬ್ಬಿ ಅಂಟುತ್ತದೆ. ಗಾಜಿನ ಮೇಲೆ ಕೆಸರು ಸಾರಿಸಿದಂತಾಗುತ್ತದೆ. ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಒತ್ತಿ ಉಜ್ಜಿದರೆ ಗೀರು ಬೀಳುವ ಭಯವುಂಟು. ಹೀಗಾಗಿ ಮೊದಲು ಮೃದುವಾದ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಧೂಳು ಕೊಡವಬೇಕು. ಚೌಕಟ್ಟು, ಸರಳು, ಸೊಳ್ಳೆ ಜಾಲರಿಗಳ ಧೂಳೂ ಆಗಲೇ ಹೋಗಬೇಕು.

ಅನಂತರ ಒಂದು ಲೀಟರ್ ಮೆದು ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಸಾಕು. ಮೈ ಸೋಪು ಬೇಡ. ಗಡಸು ನೀರಿನಲ್ಲಿ ಅದು ಕರಗದ ಗಸಿಯಾಗಿ ಗಾಜಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಯನ್ನು ಹಿಂಡಿ ಒರೆಸಿ, ರಬ್ಬರ್ ವೈಪರ್‌ನಿಂದ ನೀರು ಎಳೆದು, ಪ್ರತಿ ಸಲವೂ ಅದರ ಅಂಚು ಒರೆಸಿಕೊಳ್ಳಬೇಕು. ಕಡೆಗೆ ಹಲವು ಸಲ ಒಗೆದು ಮೆದುವಾದ ಹಳೆಯ ಧೋತರದಿಂದ ಒಣ ಒರೆಸು. ಒಳಮೈಯನ್ನು ಅಡ್ಡಡ್ಡಲಾಗಿ, ಹೊರಮೈಯನ್ನು ಉದ್ದುದ್ದಕ್ಕೆ ಒರೆಸಿದರೆ ಉಳಿದ ಗೆರೆ ಯಾವ ಬದಿಯದೆಂದು ತಕ್ಷಣ ತಿಳಿಯುತ್ತದೆ. ಓದಿ ಮುಗಿಸಿದ ದಿನಪತ್ರಿಕೆಯೂ ಈ ಕೆಲಸಕ್ಕೆ ಬರುತ್ತದೆನ್ನುವುದನ್ನು ಪತ್ರಕರ್ತರು ಅಲ್ಲಗಳೆಯುವಂತಿಲ್ಲ. ಆದರೆ ಒದ್ದೆಯಾದರೆ ಅದರ ಶಾಯಿ ಬಿಳಿ ಚೌಕಟ್ಟಿಗೆ ಹತ್ತೀತು.

ಈಗಾಗಲೇ ಕೂತಿರುವ ಬಿಳಿ ಪೊರೆಗೆ ವಿನೆಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಐದಾರು ನಿಮಿಷ ಒತ್ತಿ ಹಿಡಿದರೆ ಸುಣ್ಣ ಸಡಿಲಗೊಳ್ಳುತ್ತದೆ. ಆದರೆ ಕಿಟಕಿಯ ಕೆಳಗೆ ಶಹಾಬಾದ್ ಕಲ್ಲು ಹಾಸಿದ್ದರೆ ಎಚ್ಚರ. ಅದೂ ಸುಣ್ಣದ ಕಲ್ಲೇ ಆದ್ದರಿಂದ ಹುಳಿ ಬಿದ್ದೆಡೆ ಹೊಳಪು ಕಳೆದುಕೊಳ್ಳುತ್ತದೆ. ಒಣಬಟ್ಟೆ ಮುಚ್ಚಿ ಕೆಲಸ ಮಾಡಿ. ಶೌಚಾಲಯಕ್ಕೆ ಬಳಸುವ ಆಸಿಡ್ ಅಲ್ಯುಮಿನಿಯಂ ಚೌಕಟ್ಟನ್ನೇ ತಿಂದುಹಾಕುತ್ತದೆ. ಬ್ಲೀಚಿಂಗ್ ಪೌಡರ್ ಜತೆ ವಿನೆಗರ್ ಆಗಲಿ ಆಸಿಡ್ ಆಗಲಿ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುವುದರಿಂದ ಅವನ್ನು ಎಂದಿಗೂ ಬೆರೆಸಕೂಡದು. ವರ್ಷಗಟ್ಟಲೆ ಬಿಟ್ಟ ಕಲೆ ಗಾಜಿನ ಮೈಯನ್ನೇ ಕೊರೆದಿದ್ದರೆ ವಿನೆಗರ್‌ಗೂ ಜಗ್ಗದು. ಅಂತಹ ಗಾಜನ್ನು ಪಾಲಿಶ್ ಮಾಡಿಸಬೇಕು, ಇಲ್ಲವೇ ಬದಲಿಸಬೇಕು.