ಗಾರೆ ಕೆಲಸದವರ ಮಗನ ಕಂಠಸಿರಿ

ಇಂಪಾದ ಕಂಠ ದೇವರ ವರ ಎಂದು ನಾವು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಆ ವರ ಮಗುವಿನ ಕೈಸೇರುವುದು ಯಾರ ಮೂಲಕ? ಬಹುಪಾಲು ಸಂದರ್ಭಗಳಲ್ಲಿ ಮನೆಯವರ ಮೂಲಕವೇ. ಸಂಗೀತ ಶಾಲೆ, ಬಹುಮಾನ, ಚಪ್ಪಾಳೆಗಳೆಲ್ಲ ಆನಂತರದ ಮಾತು. ಫ್ರಾನ್ಸ್ ದೇಶದ ಪ್ರಖ್ಯಾತ ಗಾಯಕ ರೊಬೆರ್ತೊ ಅಲಾನ್ಯ ಅವರ ಜೀವನವನ್ನು ಅವಲೋಕಿಸಿದಾಗ ಈ ಸತ್ಯ ಮನದಟ್ಟಾಗುತ್ತದೆ.

ಅಲಾನ್ಯ ಜನಿಸಿದ್ದು 1963ರ ಜೂನ್ 7ರಂದು, ಪ್ಯಾರಿಸ್ ನಗರದ ಹೊರವಲಯದಲ್ಲಿರುವ ಕ್ಲಿಶಿ-ಸು-ಬ್ವಾ ಎಂಬ ಊರಿನಲ್ಲಿ. ತಂದೆತಾಯಿಯರು ಇಟಲಿಯ ಸಿಸಿಲಿ ದ್ವೀಪದಿಂದ ಬಂದು ಅಲ್ಲಿ ನೆಲೆಸಿದವರು. ತಂದೆಯದು ಗಾರೆ ಕೆಲಸ, ತಾಯಿಯದು ಹೊಲಿಗೆ. 2005ರ ಅಕ್ಟೋಬರ್‌ನಲ್ಲಿ ಇಬ್ಬರು ಬಾಲಕರು ವಿದ್ಯುದಾಘಾತದಿಂದ ಮೃತಪಟ್ಟಾಗ ಇದೇ ಊರಿನಲ್ಲಿ ಹೊತ್ತಿಕೊಂಡ ಗಲಭೆ ಫ್ರಾನ್ಸಿನಾದ್ಯಂತ ಹಬ್ಬಿತು. ವಲಸೆ ಬಂದ ಬಡವರ ಊರು ಎಂದೇ ಅದು ಜಗತ್ತಿಗೆ ಪರಿಚಿತ. ಅಂಥ ಊರಿನಲ್ಲಿ ಅಲಾನ್ಯ ಕುಟುಂಬಕ್ಕೆ ಆಸ್ತಿಯಾಗಿದ್ದುದು ಹಾಡು. ಮನೆಮಂದಿಯೆಲ್ಲ ಹಾಡುತ್ತಿದ್ದ ವಾತಾವರಣದಲ್ಲಿಯೇ ಹುಡುಗ ಬೆಳೆದನು.

ಹದಿಹರೆಯದಲ್ಲಿಯೇ ರೊಬೆರ್ತೊ ಪ್ಯಾರಿಸ್ಸಿನ ಕ್ಯಾಬರೆಗಳಲ್ಲಿ ಗಿಟಾರ್ ಹಿಡಿದು ಜನಪ್ರಿಯ ಗೀತೆಗಳನ್ನು ಹಾಡಿ ಸಂಪಾದಿಸತೊಡಗಿದರು. ಇಟಲಿಯ ಗಾಯಕ ಕರೂಸೊ ಅವರ ಬಾಳನ್ನು ಕುರಿತು 1951ರಲ್ಲಿ ಬಂದಿದ್ದ ಚಲನಚಿತ್ರವು ಅವರ ಮನಸ್ಸನ್ನು ಒಪೆರಾದತ್ತ ತಿರುಗಿಸಿತು. ಒಪೆರಾ ಎಂದರೆ ಬಹುಮಟ್ಟಿಗೆ ವಾದ್ಯವೃಂದದೊಡನೆ ಹಾಡಿನಲ್ಲಿಯೇ ಸಾಗುವ ನಾಟಕ. ಅಲ್ಲಿ ಧ್ವನಿವರ್ಧಕವಿಲ್ಲ, ಸಾವಿರಾರು ಜನರ ಕಿವಿಗೆ ಬರಿಯ ಕಂಠವೇ ತಲುಪಬೇಕು. ಪುರುಷ ಕಂಠಗಳ ಪೈಕಿ ಏರುದನಿಯನ್ನು ಟೆನರ್ ಎನ್ನುತ್ತಾರೆ. ನಾಲ್ಕು ದನಿಗಳಲ್ಲಿ ಹಾಡುವ ನಮ್ಮ ಚರ್ಚುಗಳ ಗಾನವೃಂದದವರಿಗೆ ಈ ಹೆಸರು ಹೊಸತೇನಲ್ಲ.

ಅಲಾನ್ಯ ಅವರಿಗೆ ದೊಡ್ಡ ಸಂಗೀತ ವಿದ್ಯಾಲಯದ ಶಿಕ್ಷಣ ದೊರೆಯಲಿಲ್ಲ. ಕ್ಯೂಬಾ ದೇಶದ ವಾದ್ಯಗಾರ ರಫಾಯೆಲ್ ರುಯಿಸ್ ಅವರೇ ಮುಖ್ಯ ಗುರುಗಳು. ಉಳಿದುದೆಲ್ಲ ಸ್ವಂತ ಸಾಧನೆ. 1988ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಲೂಚಾನೊ ಪಾವರೊಟ್ಟಿ ಅಂತರರಾಷ್ಟ್ರೀಯ ಗಾಯನ ಸ್ಪರ್ಧೆಯಲ್ಲಿ ಅವರು ವಿಜೇತರಾದರು. ಅದೇ ವರ್ಷ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ವೆರ್ದಿಯವರ ‘ಲಾ ತ್ರಾವಿಯಾತಾ’ ಒಪೆರಾದ ನಾಯಕನಾಗಿ ರಂಗವೇರಿದರು. 1990ರಲ್ಲಿ ಇಟಲಿಯ ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರ ಅವರನ್ನು ಅದೇ ಪಾತ್ರಕ್ಕೆ ಕರೆಯಿತು. 1964ರಲ್ಲಿ ಪ್ರೇಕ್ಷಕರ ಕೂಗಾಟಕ್ಕೆ ಗುರಿಯಾದ ಬಳಿಕ ಆ ರಂಗಮಂದಿರವು ಈ ಕೃತಿಯನ್ನು ಆಡಿಸಿರಲೇ ಇಲ್ಲ. ಇಪ್ಪತ್ತಾರು ವರ್ಷಗಳ ಆ ಅಂಜಿಕೆಯನ್ನು ಮುರಿದ ತಂಡದಲ್ಲಿ ಗಾರೆ ಕೆಲಸದವರ ಮಗನೂ ಇದ್ದನು.

ಆದರೆ ಕೀರ್ತಿ ಬಂದ ಬಾಗಿಲಿನಿಂದಲೇ ದುಃಖವೂ ಬಂದಿತು. 1994ರಲ್ಲಿ ಅವರ ಪತ್ನಿ ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. ಮಡಿಲಲ್ಲಿ ಪುಟ್ಟ ಮಗಳು. ಅದೇ ವರ್ಷ ಲಂಡನ್ನಿನ ರಾಯಲ್ ಒಪೆರಾದಲ್ಲಿ ಗುನೊ ಅವರ ‘ರೋಮಿಯೊ ಮತ್ತು ಜೂಲಿಯೆಟ್’ ಕೃತಿಯಲ್ಲಿ, ಗೋರಿಯ ಬಳಿ ಪ್ರಿಯತಮೆಗಾಗಿ ಮರುಗುವ ರೋಮಿಯೊನಾಗಿ ಅವರು ಹಾಡಬೇಕಾಯಿತು. ಆ ಗಾಯನಕ್ಕೆ 1995ರಲ್ಲಿ ಬ್ರಿಟನ್ನಿನ ಒಲಿವಿಯರ್ ಪ್ರಶಸ್ತಿ ಲಭಿಸಿತು. ಮನೆಯಲ್ಲಿ ಸಾವು ಸಂಭವಿಸಿದ ವರ್ಷದಲ್ಲಿಯೇ ರಂಗದ ಮೇಲೆ ಸಾವನ್ನು ಹಾಡುವ ಕಷ್ಟ ಎಂಥದ್ದೆಂಬುದನ್ನು ಪ್ರಶಸ್ತಿ ಫಲಕ ಹೇಳಲಾರದು. ಶವಸಂಸ್ಕಾರದ ಬಲಿಪೂಜೆಯಲ್ಲಿ ತಮ್ಮವರಿಗಾಗಿಯೇ ಹಾಡಬೇಕಾಗಿ ಬಂದ ಗಾನವೃಂದದ ಸದಸ್ಯರು ಮಾತ್ರ ಅದನ್ನು ಬಲ್ಲರು.

ಕೆಲವೇ ವರ್ಷಗಳಲ್ಲಿ, ಮಿಶೆಲ್ ಪ್ಲಾಸೊನ್ ಅವರ ನಿರ್ದೇಶನದ ವಾದ್ಯವೃಂದದೊಡನೆ, ಅಲಾನ್ಯ ಭಕ್ತಿಗೀತೆಗಳನ್ನು ಧ್ವನಿಮುದ್ರಿಸಿದರು. ಅವುಗಳಲ್ಲಿ ಸೆಜಾರ್ ಫ್ರಾಂಕ್ ಅವರು 1872ರಲ್ಲಿ ರಾಗ ಹಾಕಿದ ‘ಪಾನಿಸ್ ಆಂಜೆಲಿಕುಸ್’ ಒಂದು. ಇದರ ಲತೀನ್ ಸಾಹಿತ್ಯ ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರದು. ಪರಮಪ್ರಸಾದದ ಮಹೋತ್ಸವಕ್ಕೆಂದು ಅವರು ಬರೆದ ಗೀತೆಯೊಂದರ ಭಾಗ. ಬಡವನೂ ದೀನನೂ ಪ್ರಭುವನ್ನೇ ಉಣ್ಣುವ ಸೋಜಿಗ ಇದರ ವಸ್ತು. ನಮ್ಮ ಗಾನವೃಂದಗಳಿಗೂ ಪರಿಚಿತವಾದ ಗೀತೆಯಿದು.

ಒಪೆರಾದ ಶಿಖರದಲ್ಲಿದ್ದಾಗಲೇ, 2005ರಲ್ಲಿ, ಅಲಾನ್ಯ ಲೂಯಿಸ್ ಮರಿಯಾನೊ ಅವರ ಜನಪ್ರಿಯ ಗೀತೆಗಳ ಧ್ವನಿಮುದ್ರಿಕೆಯನ್ನು ಹೊರತಂದರು. ಮರಿಯಾನೊ ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಬಂದು, 1945ರ ‘ಲಾ ಬೆಲ್ ದ ಕಾದಿಸ್’ ಎಂಬ ಲಘು ಸಂಗೀತ ನಾಟಕದಿಂದ ಮನೆಮಾತಾದವರು. 2008ರಲ್ಲಿ ಅಲಾನ್ಯ ತಮ್ಮ ಹಿರಿಯರ ಸಿಸಿಲಿಯ ಹಾಡುಗಳನ್ನೂ ಧ್ವನಿಮುದ್ರಿಸಿದರು. ಶಾಸ್ತ್ರೀಯ ಗಾಯಕನು ಲಘು ಗೀತೆಗಳನ್ನು ಹಾಡಿದರೆ ಕೆಳಗಿಳಿದಂತೆ ಎಂದು ಬಗೆಯುವವರು ಎಲ್ಲೆಡೆಯೂ ಇದ್ದಾರೆ. ಆದರೆ ಅಲಾನ್ಯ ಅವರ ಪಾಲಿಗೆ ಅದು ಇಳಿಯುವುದಾಗಿರಲಿಲ್ಲ, ತವರಿಗೆ ಮರಳುವುದಾಗಿತ್ತು. ಆ ಹಾಡುಗಳು ಮೊದಲು ಬಂದವು. ಒಪೆರಾ ಆಮೇಲೆ ಬಂದಿತು.

ಇವರ ಬಾಳಿನಲ್ಲಿ ಮೆಚ್ಚಲಾಗದ ಒಂದು ಸಂಜೆಯೂ ಉಂಟು. 2006ರ ಡಿಸೆಂಬರ್ 10ರಂದು ಲಾ ಸ್ಕಾಲಾದಲ್ಲಿ ವೆರ್ದಿಯವರ ‘ಐದಾ’ ನಡೆಯುತ್ತಿತ್ತು. ಮೊದಲ ಹಾಡು ಮುಗಿಯುತ್ತಲೇ ಮೇಲಂತಸ್ತಿನಿಂದ ಧಿಕ್ಕಾರದ ಕೂಗು ಕೇಳಿಬಂದಿತು. ಅಲಾನ್ಯ ಕೈಯೆತ್ತಿ ವಂದಿಸಿ ರಂಗದಿಂದ ಹೊರನಡೆದೇಬಿಟ್ಟರು. ಬದಲಿ ಗಾಯಕ ಅಂತೊನೆಲ್ಲೊ ಪಲೊಂಬಿ ವೇಷ ಧರಿಸಲೂ ಸಮಯವಿಲ್ಲದೆ, ತೊಟ್ಟಿದ್ದ ಉಡುಪಿನಲ್ಲಿಯೇ ಬಂದು ನಾಟಕವನ್ನು ಮುಂದುವರಿಸಿದರು. ಉಳಿದ ಪ್ರದರ್ಶನಗಳಿಗೆ ಅಲಾನ್ಯ ಅವರನ್ನು ಕರೆಯಲಿಲ್ಲ. ಜನರ ಕೂಗು ಕ್ರೂರವಾದುದು ನಿಜ. ಆದರೆ ಸಹಕಲಾವಿದರನ್ನು ನಡುನೀರಿನಲ್ಲಿ ಬಿಟ್ಟು ನಡೆದುದನ್ನೂ ಸಮರ್ಥಿಸಲಾಗದು. ಎಷ್ಟೇ ದೊಡ್ಡ ವರವಿದ್ದರೂ ಅದನ್ನು ಹೊತ್ತಿರುವುದು ಮಣ್ಣಿನ ಮಡಕೆಯೇ. ಮುಂದೆ 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಪಿಡುಗಿನ ನಡುವೆ, ಅದೇ ರಂಗದಲ್ಲಿ ಅವರು ಮತ್ತೆ ಹಾಡಿದರು. ಅಂದು ಎದುರಿನ ಆಸನಗಳು ಬರಿದಾಗಿದ್ದವು. ಧಿಕ್ಕಾರವಿಲ್ಲ, ಚಪ್ಪಾಳೆಯೂ ಇಲ್ಲ.

‘ಐದಾ’ ಪ್ರಕರಣದ ಮರುವರ್ಷವೇ ಅವರು ಇನ್ನೊಂದು ಬಗೆಯ ಪಾತ್ರವನ್ನು ಕೈಗೆತ್ತಿಕೊಂಡರೆಂಬುದು ಗಮನಾರ್ಹ. ತಮ್ಮ ದಾವಿದ್ ಅಲಾನ್ಯ ಅವರು ವಿಕ್ಟರ್ ಹ್ಯೂಗೊ 1829ರಲ್ಲಿ ಬರೆದ, ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಕೊನೆಯ ದಿನದ ಕಥೆಗೆ ಸಂಗೀತ ಸಂಯೋಜಿಸಿದ್ದರು. 2007ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ಆ ಒಪೆರಾ ಮೊದಲ ಬಾರಿಗೆ ಕೇಳಿಬಂದಾಗ ಕೈದಿಯ ಪಾತ್ರ ಅಣ್ಣನದಾಗಿತ್ತು. ಮರಣದಂಡನೆಯನ್ನು ಒಪ್ಪಲಾಗದೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಪೋಪ್ ಫ್ರಾನ್ಸಿಸರು ತಿದ್ದುಪಡಿ ಮಾಡಿಸಿದ್ದು 2018ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮುಂಚಿತವಾಗಿಯೇ ಒಂದೇ ಮನೆಯ ಅಣ್ಣತಮ್ಮಂದಿರು ಸಂಗೀತದ ಮೂಲಕ, ಸಾಯಲಿರುವ ಅಪರಾಧಿಯೂ ಮನುಷ್ಯನೇ ಎಂದು ಸಾರಿದ್ದರು.

ನಮ್ಮ ಕುಟುಂಬಗಳಿಗೆ ಈ ಜೀವನದಲ್ಲಿ ಒಂದು ಎಚ್ಚರಿಕೆಯ ಮಾತಿದೆ. ಮಕ್ಕಳ ಕಂಠವನ್ನು ನಾವಿಂದು ಸ್ಪರ್ಧೆಯ ಅಂಕಗಳಿಂದಲೂ ಟೆಲಿವಿಷನ್ ತೀರ್ಪುಗಾರರ ಮಾತಿನಿಂದಲೂ ಅಳೆಯತೊಡಗಿದ್ದೇವೆ. ಬಹುಮಾನ ಬಾರದ ಮಗು ಹಾಡುವುದನ್ನೇ ನಿಲ್ಲಿಸುತ್ತದೆ. ಬಹುಮಾನ ಬಂದ ಮಗು ಭಾನುವಾರದ ಗಾನವೃಂದಕ್ಕೆ ಬರುವುದನ್ನು ನಿಲ್ಲಿಸುತ್ತದೆ. ಎರಡೂ ನಷ್ಟವೇ. ತಲಾಂತುಗಳ ಸಾಮತಿಯಲ್ಲಿ ಒಡೆಯನು ಕೇಳಿದ್ದು ಯಾರು ಮೊದಲಿಗರೆಂದಲ್ಲ, ಕೊಟ್ಟದ್ದನ್ನು ಏನು ಮಾಡಿದಿರಿ ಎಂದು.

ಕ್ಲಿಶಿ-ಸು-ಬ್ವಾದ ಆ ಮನೆಯಲ್ಲಿ ತೀರ್ಪುಗಾರರಿರಲಿಲ್ಲ. ಗಾರೆ ಕೆಲಸದಿಂದ ಬಂದ ತಂದೆಯೂ, ಸೂಜಿ ಹಿಡಿದ ತಾಯಿಯೂ ಮಕ್ಕಳಿಗೆ ಕೊಟ್ಟ ಹಾಡಿಗೆ ಕಾಸು ಖರ್ಚಾಗಿರಲಿಲ್ಲ. ಸಂಜೆಯ ಜಪಸರದ ಬಳಿಕ ಎಲ್ಲರೂ ಕೂಡಿ ಒಂದು ಮರಿಯಗೀತೆಯನ್ನು ಹಾಡುವುದು ನಮ್ಮ ಮನೆಗಳಿಗೂ ದುಬಾರಿಯಾಗಲಾರದು. ಶ್ರುತಿ ತಪ್ಪಿದರೂ ಚಿಂತೆಯಿಲ್ಲ, ಹಾಡು ತಪ್ಪದಿರಲಿ.