ನೂಲಿನ ಬೆನ್ನು ಹತ್ತಿ

ಹೊಸಪೇಟೆಯ ಮೇನ್ ಬಜಾರಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಬೇಕು. ಅಂಗಡಿಗಳ ಶಟರ್ ಆಗಷ್ಟೇ ಗರಗರ ಸದ್ದು ಮಾಡುತ್ತ ಮೇಲೇರುತ್ತಿರುತ್ತವೆ. ಬಾಗಿಲ ಮುಂದೆ ಚಿಮುಕಿಸಿದ ನೀರು ಇನ್ನೂ ಆರಿರುವುದಿಲ್ಲ. ಒಂದು ಬದಿಯಿಂದ ಊದುಬತ್ತಿಯ ವಾಸನೆ, ಇನ್ನೊಂದು ಬದಿಯಿಂದ ವಗ್ಗಾಣಿ-ಮಿರ್ಚಿ ಗಾಡಿಯ ಕಾದ ಎಣ್ಣೆಯ ವಾಸನೆ. ಇದರ ನಡುವೆ ದಾರ, ಗುಂಡಿ, ಲೇಸು, ಫಾಲ್, ಅಸ್ತರು ಮಾರುವ ಅಂಗಡಿಗಳದ್ದು ಬೇರೆಯೇ ಲೋಕ. ಗೋಡೆಯುದ್ದಕ್ಕೂ ನೂಲಿನ ಡಬ್ಬಿಗಳು. ಕೌಂಟರಿನ ಗಾಜಿನಡಿ ಮಣಿ, ಚಮಕಿ, ಕವಡೆ, ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಕನ್ನಡಿ ಬಿಲ್ಲೆ. ಬ್ಲೌಸ್ ಹೊಲಿಯುವ ಹೆಂಗಸರು ಬಟ್ಟೆಯ ಚೂರು ಹಿಡಿದು ಅದಕ್ಕೆ ಹೊಂದುವ ದಾರ ಹುಡುಕುತ್ತಿರುತ್ತಾರೆ. ತಾಂಡಾದಿಂದ ಬಂದ ಅಜ್ಜಿಯೊಬ್ಬಳು ಕೆಂಪು ನೂಲಿನ ಲಡಿಯನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು ನೋಡಿ, ಬೇಡವೆಂದು ತಲೆಯಾಡಿಸಿ ವಾಪಸು ತಂದಿಡುತ್ತಾಳೆ. ಟ್ಯೂಬ್‌ಲೈಟಿನ ಕೆಳಗಿನ ಕೆಂಪನ್ನು ಆಕೆ ನಂಬುವುದಿಲ್ಲ.

ಬೇರೆ ಊರಿನಿಂದ ಬಂದು ಇಲ್ಲಿ ಮನೆ ಮಾಡಿದ ಕೈಗೆಲಸದವರಿಗೆ ಮೊದಲು ಪರಿಚಯವಾಗುವುದು ಇಂಥ ಅಂಗಡಿಯೇ. ನನಗೂ ಹಾಗೇ ಆಯಿತು. ಮೈಸೂರಿನಿಂದ ಬರುವಾಗ ಸೂಜಿ, ರಿಂಗು, ನೂಲು ಎಲ್ಲವೂ ಟ್ರಂಕಿನಲ್ಲಿ ಬಂದಿದ್ದವು. ಬಾರದೆ ಉಳಿದವರು ಜೊತೆಯವರು. ಕಸೂತಿ ಕಂಡು ‘ಚೆನ್ನಾಗಿದೆ’ ಅನ್ನುವವರು ಎಲ್ಲೆಡೆ ಸಿಗುತ್ತಾರೆ. ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಮೊದಲು ಅದರ ಹಿಂಬದಿ ತಿರುವಿ, ನೂಲು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ಬೆರಳಾಡಿಸಿ ನೋಡುವವರು ಬೇಕು. ಅಂಥ ನಾಲ್ಕು ಜನ ಇಲ್ಲದಿದ್ದರೂ ಕೆಲಸ ನಡೆಯುತ್ತದೆ; ಆದರೆ ಅದು ಇದ್ದಲ್ಲೇ ಇರುತ್ತದೆ.

ಅಂಗಡಿಯ ಯಜಮಾನರು ನಾನು ಆರಿಸಿಟ್ಟ ಬಣ್ಣಗಳನ್ನು ನೋಡಿ ಕೇಳಿದರು: “ಕೈಯಾಗ ಹಾಕ್ತೀರೇನ್ರಿ, ಮಷೀನಿನ್ಯಾಗಲ್ಲ? ಹಂಗಿದ್ರ ಒಂದ್ಸಲ ಸಂಡೂರಿಗೆ ಹೋಗಿ ಬರ್ರಿ ಅಕ್ಕಾರ.”

ಹೊಸಪೇಟೆಯಿಂದ ಸಂಡೂರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಬಸ್ಸು ಗುಡ್ಡದ ಹಾದಿ ಹಿಡಿದ ಮೇಲೆ ಎದುರಿಗೆ ಅದಿರಿನ ಲಾರಿಗಳು ಸಾಲುಗಟ್ಟುತ್ತವೆ. ರಸ್ತೆ ಬದಿಯ ಬೇಲಿ, ಜಾಲಿ, ಮೈಲುಗಲ್ಲು ಎಲ್ಲಕ್ಕೂ ಕೆಂಪು ಧೂಳು. ಮಳೆ ಬಿದ್ದ ಮೇಲೆ ಇದೇ ಗುಡ್ಡಗಳು ಹಸಿರಾಗಿ, ಮೋಡ ಕೆಳಗಿಳಿದು ಬಂದಾಗ, ಇದು ಗಣಿಯ ಸೀಮೆಯೆಂದು ನಂಬುವುದು ಕಷ್ಟ. ಘೋರ್ಪಡೆ ಮನೆತನ ಆಳಿದ ಪುಟ್ಟ ಸಂಸ್ಥಾನ, ಗುಡ್ಡದ ಮೇಲಿನ ಕುಮಾರಸ್ವಾಮಿ, ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರು. ಸಂಡೂರನ್ನು ಹೊರಗಿನವರು ಬಲ್ಲದ್ದು ಇಷ್ಟರಿಂದ. ಕೈಗೆಲಸದವರಿಗೆ ಮಾತ್ರ ಸಂಡೂರು ಎಂದರೆ ಸಂಡೂರು ಕುಶಲ ಕಲಾ ಕೇಂದ್ರ. ಎಂಬತ್ತರ ದಶಕದಲ್ಲಿ ಹುಟ್ಟಿದ ಈ ಸಂಸ್ಥೆ ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿಯನ್ನು ಹಬ್ಬದ ಉಡುಪಿನಿಂದ ದಿನದ ದುಡಿಮೆಗೆ ತಂದಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಕೇಂದ್ರಕ್ಕೆ 2004ರಲ್ಲಿ, ಮತ್ತೆ 2012ರಲ್ಲಿ ಯುನೆಸ್ಕೊದ ಕರಕುಶಲ ಶ್ರೇಷ್ಠತೆಯ ಮುದ್ರೆ ಸಿಕ್ಕಿದೆ.

ಇಲ್ಲಿ ಕೆಲಸ ಬರೀ ಒಂದು ಕಟ್ಟಡದೊಳಗೆ ನಡೆಯುವುದಲ್ಲ. ಕತ್ತರಿಸಿ ಗೆರೆ ಎಳೆದ ಬಟ್ಟೆ ಗಂಟು ಕಟ್ಟಿಕೊಂಡು ತಾಂಡಾಗಳಿಗೂ ಹೋಗುತ್ತದೆ. ಹಗಲೂಟ ಮುಗಿದ ಮೇಲೆ ಮನೆ ಕಟ್ಟೆಯ ನೆರಳಿಗೆ ಒಬ್ಬೊಬ್ಬರೇ ಬಂದು ಕೂಡುತ್ತಾರೆ. ಕಾಲು ಚಾಚಿ ಕೂತವರ ಮಡಿಲಲ್ಲಿ ಬಟ್ಟೆ, ತೊಡೆಯ ಪಕ್ಕ ನೂಲಿನ ಚೀಲ. ಯಾರದೋ ಮಗಳ ಮದುವೆ, ಯಾರದೋ ಎಮ್ಮೆ ಈದದ್ದು, ಕಬ್ಬು ಕಡಿಯಲು ಹೋದ ಗಂಡಂದಿರು ಯಾವಾಗ ಬರುತ್ತಾರೆಂಬುದು, ಎಲ್ಲ ಮಾತೂ ಆಗುತ್ತದೆ. ಬೆರಳು ನಿಲ್ಲುವುದಿಲ್ಲ.

ಕನ್ನಡಿ ಕೂಡಿಸುವುದನ್ನು ಹತ್ತಿರದಿಂದ ನೋಡಬೇಕು. ಆ ಬಿಲ್ಲೆಗೆ ತೂತಿಲ್ಲ, ಅದನ್ನು ಅಂಟು ಹಾಕಿ ಕೂರಿಸುವುದೂ ಇಲ್ಲ. ಎಡಗೈ ಹೆಬ್ಬೆರಳಿನಿಂದ ಬಟ್ಟೆಯ ಮೇಲೆ ಒತ್ತಿ ಹಿಡಿದು, ಮೇಲೆ ಅಡ್ಡ ಎರಡು, ಉದ್ದ ಎರಡು ಎಳೆ ಹಾಯಿಸುತ್ತಾರೆ. ಕನ್ನಡಿಯ ನಡುವೆ ಒಂದು ಚೌಕ ಮೂಡುತ್ತದೆ. ಬಟ್ಟೆಯನ್ನು ಓರೆಗೆ ತಿರುಗಿಸಿ ಮತ್ತೆ ನಾಲ್ಕು ಎಳೆ. ಆಮೇಲೆ ಅಂಚಿನಲ್ಲಿ ಸೂಜಿ ಎಬ್ಬಿಸಿ, ಆ ಎಳೆಗಳ ಕೆಳಗೆ ತೂರಿಸಿ, ಕುಣಿಕೆಯೊಳಗಿಂದ ಎಳೆದು, ಅಂಚಿಗೇ ಊರುತ್ತಾರೆ. ಸುತ್ತಲೂ ಹೀಗೇ ಹಾಕುತ್ತ ಹೋದಂತೆ ಎಳೆಗಳೆಲ್ಲ ಹೊರಕ್ಕೆ ಸರಿದು ಅಂಚಿಗೆ ದಪ್ಪ ಕಟ್ಟು ಬೀಳುತ್ತದೆ, ನಡು ಬಯಲಾಗಿ ಹೊಳೆಯುತ್ತದೆ. ಮೊದಲ ಎಳೆಗಳು ಸಡಿಲವಾದರೆ ಕನ್ನಡಿ ಕಳಚುತ್ತದೆ. ತೀರ ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಎಷ್ಟು ಎಳೆಯಬೇಕೆಂಬುದು ಬೆರಳಿಗೆ ಗೊತ್ತು. ಇದು ಕೆಲಸದ ಒಂದು ತುಣುಕು ಮಾತ್ರ. ಕಿಲನ್, ವೇಲೆ, ಬಖ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ತೇರಾ ಡೋರಾ, ರೇಲೊ, ಗಾಡ್ರಿ, ಪೋಟೆ, ನಕ್ರಾ ಎಂದು ಹೊಲಿಗೆಗಳ ಹೆಸರು ಇನ್ನೂ ಉದ್ದಕ್ಕೆ ಹೋಗುತ್ತದೆ.

ಅಲ್ಲೊಬ್ಬ ಹಿರಿಯಾಕೆ ನನ್ನ ಚೀಲದಿಂದ ಇಣುಕಿದ್ದ ಧಾರವಾಡ ಕಸೂತಿಯ ತುಂಡನ್ನು ತಾನೇ ಎಳೆದುಕೊಂಡರು. ಮುಂದಿನ ಗೋಪುರ, ತೇರು ಯಾವುದನ್ನೂ ನೋಡಲಿಲ್ಲ. ಸೀದಾ ಹಿಂದಕ್ಕೆ ಹೊಳ್ಳಿಸಿದರು. ಕಣ್ಣು ಕಿರಿದು ಮಾಡಿ ಪಕ್ಕದವಳಿಗೆ ತೋರಿಸಿದರು. “ಗಂಟs ಇಲ್ಲಲ್ಲ! ಎರಡೂ ಕಡಿ ಒಂದs ಐತಿ. ಹೆಂಗ ಹಾಕ್ತೀ ಯವ್ವಾ?” ಗವಂತಿ ಹೊಲಿಗೆಯಲ್ಲಿ ಎಳೆ ಎಣಿಸಿ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬಿಟ್ಟ ಜಾಗವನ್ನು ಮರಳುವಾಗ ತುಂಬಿಸುವುದನ್ನು ತೋರಿಸಿದೆ. ನನ್ನ ಕಡೆಯ ಕನ್ನಡ ಅವರಿಗೆ ಅರ್ಧ, ಅವರ ಲಂಬಾಣಿ ಮಾತು, ಗೋರಬೋಲಿ, ನನಗೆ ಪೂರ್ತಿ ಅರ್ಥವಾಗದೆ ಹೋದರೂ ಸಂಜೆಯವರೆಗೆ ಮಾತು ಮುಗಿಯಲಿಲ್ಲ. ಹೊರಡುವಾಗ, ಆ ತುಂಡು ಇಲ್ಲೇ ಇರಲಿ, ಎಣಿಸಿ ನೋಡುತ್ತೇವೆ ಎಂದು ಇಟ್ಟುಕೊಂಡರು.

ಲಂಬಾಣಿಗರೂ ಈ ನೆಲಕ್ಕೆ ಹೊರಗಿನಿಂದ ಬಂದವರೇ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶದುದ್ದ ನಡೆದವರು. ರೈಲು ಬಂದು ಆ ವ್ಯಾಪಾರ ಮುರಿದ ಮೇಲೆ ಗುಡ್ಡದ ಬುಡಗಳಲ್ಲಿ ತಾಂಡಾ ಹಾಕಿ ನಿಂತರು. ನಡೆಯುವ ಬದುಕಿನಲ್ಲಿ ಆಸ್ತಿಯೆಂದರೆ ಮೈಮೇಲಿನ ಫೇಟಿಯಾ ಲಂಗ, ಕಾಂಚಳಿ ಕುಪ್ಪಸ ಮತ್ತು ಅದರ ಮೇಲಿನ ಹೊಲಿಗೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ 450ಕ್ಕೂ ಹೆಚ್ಚು ಕುಶಲಕರ್ಮಿಗಳು ಹೊಲಿದ 1,755 ತುಣುಕುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದ್ದು ಇವರ ಕೈಗಳೇ.

ಹಂಪಿಯ ಕಥೆ ಬೇರೆ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಒಂದೊಂದು ಕಸುಬಿನವರ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದುದನ್ನು ಗಮನಿಸಿ ಬರೆದಿಟ್ಟ. ಪಕ್ಕದ ಅಂಗಡಿಯವನ ಕೆಲಸ ದಿನವೂ ಕಣ್ಣಿಗೆ ಬೀಳುವಂತಿದ್ದರೆ ಕಸುಬು ಹದಗೊಳ್ಳದೆ ಇನ್ನೇನು? ದೂರದ ಸೀಮೆಗಳಿಂದ ಬಂದ ಶಿಲ್ಪಿ, ಚಿತ್ರಗಾರ, ನೇಕಾರರಿಗೆ ಆ ಪಟ್ಟಣ ಕೆಲಸವನ್ನೂ ನೆರೆಯನ್ನೂ ಒಟ್ಟಿಗೇ ಕೊಟ್ಟಿತ್ತು. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದಿಂದ ಬೊಂಬೆ ಕೆತ್ತಿ ಬಣ್ಣ ಕಟ್ಟುವ ಚಿತ್ರಗಾರರು ತಮ್ಮ ಹಿರೀಕರು ವಿಜಯನಗರದಲ್ಲಿ ಕೆಲಸ ಮಾಡಿದವರೆಂದು ಈಗಲೂ ಹೇಳಿಕೊಳ್ಳುತ್ತಾರೆ.

ಈಗ ವಿರೂಪಾಕ್ಷನ ಎದುರಿನ ಬೀದಿಯ ಕಲ್ಲುಕಂಬದ ಸಾಲುಗಳು ಖಾಲಿ. ಅಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವು ಮಾಡಲಾಯಿತು. ಉಳಿದಿರುವುದು ಪಕ್ಕದ ಓಣಿಗಳ ವ್ಯಾಪಾರ ಮತ್ತು ಹೆಗಲ ಮೇಲೆ ಚೀಲ, ರುಮಾಲು, ಕಾಲ್ಗೆಜ್ಜೆ ಹೊತ್ತು ಪ್ರವಾಸಿಗರ ಹಿಂದೆ ನಡೆಯುವ ಲಂಬಾಣಿ ಹೆಂಗಸರು. ಅವರ ಹೆಗಲ ಮೇಲಿರುವುದೆಲ್ಲ ಅವರು ಹೊಲಿದದ್ದಲ್ಲ. ಹೊರರಾಜ್ಯಗಳಿಂದ ಮೂಟೆಗಟ್ಟಲೆ ಬರುವ, ಮಷೀನು ಹಾಕಿದ, ಪ್ಲಾಸ್ಟಿಕ್ ಕನ್ನಡಿ ಅಂಟಿಸಿದ ಮಾಲು ಬೆಲೆಯಲ್ಲಿ ಅಗ್ಗ. ಕೈಯಲ್ಲಿ ಹೊಲಿಯಬಲ್ಲವಳು ಕೈಯಲ್ಲಿ ಹೊಲಿಯದ್ದನ್ನು ಮಾರಬೇಕಾಗಿ ಬಂದಿರುವುದು ನನಗೆ ತುಂಬ ಸಂಕಟದ ಸಂಗತಿ. ಆಕೆಯನ್ನು ದೂರುವ ಮಾತಲ್ಲ ಇದು. ಕೊಳ್ಳುವವರು ಹಿಂಬದಿ ತಿರುವಿ ನೋಡುವುದನ್ನು ಕಲಿತರೆ ಆಕೆಯ ಹೆಗಲ ಮೇಲಿನ ಮಾಲೂ ಬದಲಾಗುತ್ತದೆ.

ತಳವಾರಘಟ್ಟದಲ್ಲಿ ಹೊಳೆ ದಾಟಿದರೆ ಆನೆಗುಂದಿ. ಚಿತ್ರಕಲಾವಿದೆ ಶಮಾ ಪವಾರ್ ಹೊರಗಿನಿಂದ ಬಂದು ಈ ಊರಲ್ಲಿ ನೆಲೆ ನಿಂತು, 1997ರಲ್ಲಿ ಕಿಷ್ಕಿಂಧ ಟ್ರಸ್ಟ್ ಕಟ್ಟಿದರು. ಹೊಸ ಊರಿಗೆ ಬಂದ ಕಲಾವಿದರು ಅಲ್ಲಿ ತಮ್ಮಂಥವರನ್ನು ಹುಡುಕುತ್ತಾರೆ. ಶಮಾ ಹುಡುಕಿದ್ದು ಊರಲ್ಲಿ ಏನು ಬಿದ್ದು ಹಾಳಾಗುತ್ತಿದೆ ಎಂಬುದನ್ನು. ತುಂಗಭದ್ರೆಯ ಈ ದಂಡೆಗಳಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತವೆ, ಕಣ್ಣು ಹಾಯಿಸಿದಷ್ಟೂ ಬಾಳೆ ಮತ್ತು ಭತ್ತ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ಹೊಲದ ಬದುವಿನಲ್ಲಿ ಕೊಳೆಯುತ್ತದೆ. ಆ ದಿಂಡಿನ ಪಟ್ಟೆ ಸುಲಿದು, ಒಣಗಿಸಿ, ಸೀಳಿ, ಹೊಸೆದು ಹಗ್ಗ ಮಾಡಿ, ಹಗ್ಗದಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುವ ಕೆಲಸ ಆನೆಗುಂದಿಯ ಹೆಂಗಸರ ಕೈಗೆ ಬಂತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ. ಇಲ್ಲಿ ನಾರು ಹೂವಿನ ಹಂಗಿಲ್ಲದೆ ಸಮುದ್ರ ದಾಟುತ್ತದೆ. ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತವರ ಪಕ್ಕ ಹೋಗಿ ನಿಂತರೆ ಯಾರೂ ನಿಮ್ಮ ಹೆಸರು ಕೇಳುವುದಿಲ್ಲ. “ಬರ್ರಿ, ಕುಂದರ್ರಿ” ಎಂದು ಒಂದು ಹಿಡಿ ನಾರು ಕೈಗೆ ಕೊಡುತ್ತಾರೆ. ಅದನ್ನು ಒದ್ದೆ ಬೆರಳಲ್ಲಿ ಸವರಿ, ಎರಡು ಎಳೆಯಾಗಿ ಸೀಳಿ, ಒಂದೊಂದನ್ನೂ ಬಲಕ್ಕೆ ತಿರುಚುತ್ತ ಎರಡನ್ನೂ ಎಡಕ್ಕೆ ಹೆಣೆಯಬೇಕು. ಕೈಗೆ ಕೆಲಸ ಬಂದರೆ ಅಲ್ಲಿಂದ ಮುಂದೆ ನೀವು ಹೊರಗಿನವರಲ್ಲ.

ಕಂಪ್ಲಿಗೆ ಹೋಗುವವರು ಸಾಮಾನ್ಯವಾಗಿ ಅಕ್ಕಿಗೆಂದೋ ಗಂಗಾವತಿ ಕಡೆ ದಾಟಲೆಂದೋ ಹೋಗುತ್ತಾರೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿನ ಸೇತುವೆ ಮುಳುಗಿ ದಾರಿಯೇ ಕಡಿದುಹೋಗುತ್ತದೆ. ಕುಮಾರರಾಮನ ಹೆಸರಿನೊಂದಿಗೆ ಬೆಸೆದ ಕೋಟೆಯ ಬದಿಗೆ ಇಳಿದರೆ ಮೀನುಗಾರರ ಹರಿಗೋಲುಗಳನ್ನು ದಡದಲ್ಲಿ ಬೋರಲು ಹಾಕಿರುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್ ಆನೆಗುಂದಿಯ ಹತ್ತಿರ ಕಂಡದ್ದೂ ಇಂಥವೇ ದುಂಡು ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ, ಹೆಣಿಗೆ ಬದಲಾಗಿಲ್ಲ. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಒಂದರ ಮೇಲೊಂದು ಹಾಯಿಸಿ ನಡುವನ್ನು ಭದ್ರ ಮಾಡಿ, ಮೇಲೆ ಗುಂಡುಕಲ್ಲು ಹೇರಿ, ತುದಿಗಳನ್ನು ಬಾಗಿಸಿ ಎತ್ತಿ ಅಂಚು ಕಟ್ಟುತ್ತಾರೆ. ಮೇದಾರರ ಓಣಿಯಲ್ಲಿ ಮೊರ ಹೆಣೆಯುವ ಕೈಯೂ ಸೀಳನ್ನು ಹೀಗೇ ಬೆಳಕಿಗೆ ಹಿಡಿದು ಗೆಣ್ಣು ನೋಡುತ್ತದೆ. ಬಿದಿರಿನ ಹಿಡಿಕೆ ಬೇಕೆಂದು ಹೋದ ನನಗೆ ಅಲ್ಲಿನ ಒಬ್ಬರು ಹೇಳಿದ್ದು: “ಚೀಲ ತೋರ್ಸ್ರಿ ಮೊದ್ಲ. ಭಾರ ಎಷ್ಟು ಹೊರೂದೈತಿ ನೋಡಿ ಹಿಡಿಕಿ ಮಾಡ್ಬೇಕು.”

ಇಷ್ಟೆಲ್ಲ ಕೈಗಳ ನಡುವೆ ಹೊಸಪೇಟೆ ಇದೆ. 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. ರೈಲು, ಬಸ್ಸು, ಹಂಪಿಗೆ ಹೋಗುವ ಪ್ರವಾಸಿ ಎಲ್ಲ ಇಲ್ಲಿಗೇ ಬರಬೇಕು. ಆದರೆ ಸಂಡೂರಿನ ಸೂಜಿ, ಆನೆಗುಂದಿಯ ನಾರು, ಕಂಪ್ಲಿಯ ಬಿದಿರು ದಿನವೂ ಒಂದೆಡೆ ಕೂರಲು ಇಲ್ಲಿ ನಾವು ಬಲ್ಲ ಜಾಗವಿಲ್ಲ. ಹಂಪಿ ಉತ್ಸವದ ಮಳಿಗೆಗಳಲ್ಲಿ ಸೇರಿ, ಉತ್ಸವ ಮುಗಿದೊಡನೆ ಚದುರುತ್ತವೆ. ಹೀಗಾಗಿ ನಮ್ಮ ಮನೆಯ ಮಹಡಿಯೇ ಸದ್ಯಕ್ಕೆ ಕೂಡುವ ಜಾಗ. ಹಳೆ ಸೀರೆಗಳಿಂದ ಕೌದಿ ಹೊಲಿಯುವ ಪಕ್ಕದ ಓಣಿಯ ಅವ್ವ, ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆ ಓದಿದ ಹುಡುಗಿ, ಸಂತೆಗೆ ಬಂದಾಗ ಹತ್ತಿ ಬರುವ ತಾಂಡಾದ ಅಕ್ಕಂದಿರು. ಹೊಸಬರಾಗಿ ಬರುವ ನಮ್ಮಂಥವರ ಮೇಲೆ ಒಂದು ಹೊಣೆಯಿದೆ ಎಂದು ನಾನು ನಂಬುತ್ತೇನೆ. ತಾಂಡಾದ ಹೊಲಿಗೆಯನ್ನು ಫೋಟೊ ಹೊಡೆದುಕೊಂಡು ಹೋಗಿ ತಮ್ಮ ಹೆಸರಲ್ಲಿ ಮಾರುವವರನ್ನು ಈ ಸೀಮೆ ಕಂಡಿದೆ. ಜೊತೆ ಬೇಕೆಂದು ಬಂದವರು ಕೂಲಿಯ ಲೆಕ್ಕವನ್ನೂ ಜೊತೆಗೆ ಕೂತೇ ಮಾಡಬೇಕು.

ಕಳೆದ ಉತ್ಸವಕ್ಕೆ ಮುಂಚೆ ಅದೇ ಲೆಕ್ಕ ನಡೆದಿತ್ತು. ನಡುವೆ ಒಂದು ಚೀಲ: ನಾರಿನ ಮೈ, ಕನ್ನಡಿ ಹೊಲಿಗೆಯ ಮುಚ್ಚಳ, ಬಿದಿರಿನ ಹಿಡಿಕೆ. ಹುಡುಗಿ ಬಟ್ಟೆ, ನೂಲು, ಬಿದಿರಿನ ಖರ್ಚು ಕೂಡಿ ಒಂದು ಬೆಲೆ ಹೇಳಿದಳು.

“ಅಷ್ಟಕ್ಕ ಕೊಟ್ರ ನನ್ನ ಬೆರಳಿನ ಲೆಕ್ಕ ಎಲ್ಲಿ ಹೋತು?” ಎಂದರು ತಾಂಡಾದ ಅಕ್ಕ.

“ಜಾಸ್ತಿ ಅಂದ್ರ ಮಂದಿ ಚೌಕಾಶಿ ಮಾಡ್ತಾರಕ್ಕ.”

“ಮಾಡ್ಲಿ ಬಿಡು. ಎಷ್ಟು ದಿನ ಹಿಡೀತು ಅಂತ ಒಂದು ಚೀಟಿ ಬರದು ಕಟ್ಟು. ಮೂರೂ ಮಂದಿ ಹೆಸರು ಹಾಕು.”

ಕೌದಿಯ ಅವ್ವ ಕನ್ನಡಕ ಸರಿಮಾಡಿಕೊಂಡು, ಚೀಟಿಗೆ ದಪ್ಪ ಕಾಗದ ಬೇಕು, ಕಟ್ಟಲು ನಾರಿನ ಎಳೆಯೇ ಸಾಕು ಎಂದರು. ಹೆಸರು ಕನ್ನಡದಲ್ಲಿ ಮೇಲೆ, ಇಂಗ್ಲಿಷಿನಲ್ಲಿ ಕೆಳಗೆ ಎಂದು ತೀರ್ಮಾನವಾಯಿತು. ಹುಡುಗಿ ಬರೆಯಲು ಕೂತಳು.