ಹಗುರತೂಕದ ಹುಟ್ಟುಗಾರ: ಸ್ಪರ್ಧೆಯಿಂದ ತರಬೇತಿಗೆ

ಬೆಳಗಾವಿ ಜಿಲ್ಲೆಯಲ್ಲಿ ಮಹದಾಯಿಯಾಗಿ ಹುಟ್ಟಿದ ನದಿಯು ಗೋವೆಯಲ್ಲಿ ಮಾಂಡವಿಯಾಗಿ ಹರಿಯುತ್ತದೆ. ಮ್ಹಾಪಸಾ ನದಿಯು ಅದರ ಉಪನದಿ. ಇಂಥ ಊರಿನಲ್ಲಿ ಕನ್ನಡ ಓದುವವರಿಗೆ ದೋಣಿಯೂ ಅಪರಿಚಿತವಲ್ಲ, ‘ಅಂಬಿಗ’ ಎಂಬ ಮಾತೂ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲಿಯೇ ಆ ಕಾಯಕವಿದೆ. ಆದರೆ ರೋಯಿಂಗ್ ಕ್ರೀಡೆಯ ಅಂಬಿಗನ ರೀತಿಯೇ ಬೇರೆ. ಹರಿಗೋಲು ನಡೆಸುವವನು ಸಾಗುವ ದಿಕ್ಕನ್ನು ನೋಡುತ್ತಾನೆ. ಸ್ಪರ್ಧೆಯ ಹುಟ್ಟುಗಾರನು ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಅವನ ಪೀಠವು ಹಿಂದಕ್ಕೂ ಮುಂದಕ್ಕೂ ಜಾರುವುದರಿಂದ ಬಲವು ತೋಳುಗಳಿಗಿಂತ ಹೆಚ್ಚಾಗಿ ಕಾಲುಗಳಿಂದ ಬರುತ್ತದೆ. ಸ್ಪರ್ಧೆಯ ದೂರ 2000 ಮೀಟರ್.

ಈ ಕ್ರೀಡೆಯಲ್ಲಿ ಎತ್ತರದ, ತೂಕದ ದೇಹಕ್ಕೆ ಸಹಜವಾಗಿಯೇ ಅನುಕೂಲ ಹೆಚ್ಚು. ಸಣ್ಣ ಮೈಕಟ್ಟಿನವರಿಗೂ ಅವಕಾಶ ದೊರೆಯಲೆಂದು ಹಗುರತೂಕದ ವಿಭಾಗವನ್ನು ರೂಪಿಸಲಾಯಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು 1974ರಲ್ಲಿಯೂ ಒಲಿಂಪಿಕ್ಸ್‌ನಲ್ಲಿ 1996ರಲ್ಲಿಯೂ ಸೇರಿತು. ಪುರುಷರಲ್ಲಿ ಯಾರೂ 72.5 ಕಿಲೋಗ್ರಾಂ ಮೀರುವಂತಿಲ್ಲ. ತಂಡದ ಸರಾಸರಿ 70 ದಾಟುವಂತಿಲ್ಲ. ಮಹಿಳೆಯರಿಗೆ ಈ ಮಿತಿಗಳು 59 ಮತ್ತು 57. ಸ್ಪರ್ಧೆಗೆ ಒಂದೆರಡು ಗಂಟೆ ಮೊದಲು ತೂಕ ಪರೀಕ್ಷೆ ನಡೆಯುತ್ತದೆ. ಹೀಗಾಗಿ ಹುಟ್ಟುಗಾರನು ಎದುರಾಳಿಗಿಂತ ಮೊದಲು ತಕ್ಕಡಿಯನ್ನು ಗೆಲ್ಲಬೇಕು.

ಇದರ ಕಷ್ಟವನ್ನು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ದೇಶವೇ ಕಂಡಿತು. ಹಗುರತೂಕದ ಸಿಂಗಲ್ ಸ್ಕಲ್ಸ್‌ನಲ್ಲಿ ದುಷ್ಯಂತ್ ಕಂಚು ಗೆದ್ದರು. 2014ರಲ್ಲಿಯೂ ಅವರಿಗೆ ಅದೇ ಪದಕ ದೊರೆತಿತ್ತು. ಶೀತದಿಂದ ಬಳಲುತ್ತಿದ್ದ ತಾವು ಎರಡು ತುಂಡು ಬ್ರೆಡ್ಡು, ಒಂದು ಸೇಬು ಮಾತ್ರ ತಿಂದಿದ್ದೆವೆಂದು ಅವರು ಬಳಿಕ ತಿಳಿಸಿದರು. ದಣಿದು ಕುಸಿದ ಅವರನ್ನು ಸ್ಟ್ರೆಚರಿನಲ್ಲಿ ಕರೆದೊಯ್ಯಬೇಕಾಯಿತು.

ಒಲಿಂಪಿಕ್ಸ್‌ನ ಹಗುರತೂಕದ ಡಬಲ್ ಸ್ಕಲ್ಸ್‌ನಲ್ಲಿ ಭಾರತದ ಪರವಾಗಿ 2008ರಲ್ಲಿ ದೇವೇಂದರ್ ಕುಮಾರ್ ಖಂಡ್‌ವಾಲ್ ಮತ್ತು ಮಂಜೀತ್ ಸಿಂಗ್, 2012ರಲ್ಲಿ ಮಂಜೀತ್ ಸಿಂಗ್ ಮತ್ತು ಸಂದೀಪ್ ಕುಮಾರ್ ಸ್ಪರ್ಧಿಸಿದರು. 2021ರಲ್ಲಿ ಟೋಕಿಯೋದಲ್ಲಿ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಹನ್ನೊಂದನೆಯ ಸ್ಥಾನ ಪಡೆದರು. 2024ರ ಪ್ಯಾರಿಸ್ ಕೂಟದೊಂದಿಗೆ ಈ ವಿಭಾಗವು ಒಲಿಂಪಿಕ್ಸ್‌ನಿಂದ ಮರೆಯಾಯಿತು. ವರ್ಷಗಟ್ಟಲೆ ದೇಹವನ್ನು ಒಂದು ಅಳತೆಗೆ ಒಗ್ಗಿಸಿಕೊಂಡವರಿಗೆ ಒಲಿಂಪಿಕ್ಸ್‌ನ ಅತ್ಯುನ್ನತ ವೇದಿಕೆ ಇಲ್ಲವಾಯಿತು. ಇನ್ನು ಅಲ್ಲಿಗೆ ಹೋಗಬಯಸುವವರು ತೂಕದ ಮಿತಿಯಿಲ್ಲದವರೊಡನೆಯೇ ಸೆಣಸಬೇಕು.

ಆದರೆ ಅವರ ವಿದ್ಯೆ ವ್ಯರ್ಥವಾಗುವುದಿಲ್ಲ. ಬ್ರಿಟನ್ನಿನ ರಾಬಿನ್ ವಿಲಿಯಮ್ಸ್ ಹಗುರತೂಕದ ಅಂತರರಾಷ್ಟ್ರೀಯ ಸ್ಪರ್ಧಿಯಾಗಿದ್ದವರು. ತರಬೇತುದಾರರಾದ ಬಳಿಕ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವನ್ನು ಪಳಗಿಸಿದರು. ಅವರ ಶಿಷ್ಯೆಯರಾದ ಹೆಲೆನ್ ಗ್ಲೋವರ್ ಮತ್ತು ಹೆದರ್ ಸ್ಟ್ಯಾನಿಂಗ್ 2012 ಹಾಗೂ 2016ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಅವರು ಗೆದ್ದದ್ದು ತೂಕದ ಮಿತಿಯಿಲ್ಲದ ವಿಭಾಗದಲ್ಲಿ ಎಂಬುದು ಗಮನಾರ್ಹ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೈಬಲದಿಂದ ತಪ್ಪನ್ನು ಮುಚ್ಚಿಕೊಳ್ಳುವ ಅನುಕೂಲ ಹಗುರತೂಕದವರಿಗೆ ಇರುವುದಿಲ್ಲ. ಹುಟ್ಟು ನೀರಿಗಿಳಿಯುವ ಕ್ಷಣ, ಜೊತೆಗಾರನೊಡನೆ ಹೊಂದುವ ಲಯ, ದೋಣಿ ವಾಲದಂತೆ ಪೀಠದಲ್ಲಿ ಹಿಂದಿರುಗುವ ನಯ, ಇವುಗಳಿಂದಲೇ ಅವರು ವೇಗವನ್ನು ಗಳಿಸಬೇಕು. ಹೀಗೆ ಗಳಿಸಿದ್ದನ್ನು ಬಿಡಿಬಿಡಿಯಾಗಿ ವಿವರಿಸಿ ಕಲಿಸಬಹುದು. ಹಸಿವು, ದಣಿವುಗಳ ಎಲ್ಲೆಯನ್ನು ಸ್ವತಃ ಅರಿತವರು ಶಿಷ್ಯನನ್ನು ಎಲ್ಲಿ ತಡೆಯಬೇಕೆಂಬುದನ್ನೂ ಬಲ್ಲರು.

ನಮ್ಮಲ್ಲಿಯೂ ತರಬೇತುದಾರರಿಗೆ ಮನ್ನಣೆ ದೊರೆತಿದೆ: ಇಸ್ಮಾಯಿಲ್ ಬೇಗ್ 2005ರಲ್ಲಿ, ಜೋಸ್ ಜೇಕಬ್ 2014ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಗೆ ಪಾತ್ರರಾದರು. ಹಗುರತೂಕದ ಹುಟ್ಟುಗಾರರನ್ನು ಈ ದಾರಿಗೆ ತಂದರೆ ಅವರ ಅನುಭವವು ಮುಂದಿನ ಪೀಳಿಗೆಗೆ ಸಲ್ಲುತ್ತದೆ. ಹುಟ್ಟುಗಾರನು ಗುರಿಯನ್ನು ಕಾಣದೆ ದುಡಿಯುತ್ತಾನೆ. ಪಕ್ಕದ ಯಂತ್ರದೋಣಿಯಲ್ಲಿ ಸಾಗುವ ತರಬೇತುದಾರನು ಅವನ ಪರವಾಗಿ ಅದನ್ನು ನೋಡುತ್ತಿರುತ್ತಾನೆ.